ಅಕ್ಕನ ಕಿಡ್ನಿ ನನ್ನ ಹೊಟ್ಟೆಯಲ್ಲಿ

ಎಪ್ಪತ್ತರ ದಶಕದ ಕೊನೆ ಅದು. ನಾನು ವಿಜಾಪುರದಲ್ಲಿ ಸಿದ್ಧೇಶ್ವರ ಗುಡಿಯ ಹಿಂದೆ ಅವ್ವನೊಂದಿಗೆ ಇದ್ದೆ. ತಿಕೋಟೆಯ ಶಾಲೆಯಲ್ಲಿ ಮಾಸ್ತರಿಕೆ. ನನಗಿದ್ದ ಒಬ್ಬಳೇ ಅಕ್ಕನನ್ನು ಬಬಲೇಶ್ವರಕ್ಕೆ ಕೊಟ್ಟಿದ್ದರು. ಅವಳ ಎರಡೂ ಕಿಡ್ನಿ ಕೆಟ್ಟಿದ್ದವು. ಒಡಹುಟ್ಟಿದವರು ಕೊಟ್ಟರೆ ಬೇರೆ ಕಿಡ್ನಿ ಹಾಕಬಹುದು ಎಂದು ತಮಿಳು ಸೀಮೆಯ ದೊಡ್ಡ ಆಸ್ಪತ್ರೆಯವರು ಹೇಳಿದರು. ನನ್ನ ರಕ್ತ ಹೊಂದಿತು. ಸರದಿ ಬಂದಾಗ ತಂತಿ ಕಳಿಸುತ್ತೇವೆ, ಅಲ್ಲಿಯವರೆಗೆ ಮೈ ಚೆನ್ನಾಗಿ ನೋಡಿಕೊಳ್ಳಿ ಎಂದರು. ಆ ಕೊನೆಯ ಮಾತನ್ನು ನಾನು ಅವ್ವನಿಗೆ ಹೇಳಬಾರದಿತ್ತು.

ಮರುದಿನವೇ ನನ್ನ ಸೈಕಲ್ಲಿಗೆ ಬೀಗ ಬಿತ್ತು.

"ಎಲ್ಲೆರ ಬಿದ್ದುಗಿದ್ದೀ. ಅದು ಈಗ ನಿಂದಲ್ಲ, ಅಕ್ಕಂದು," ಎಂದಳು ಅವ್ವ.

"ಎರಡ ಅದಾವ ಬೇ. ಒಂದು ನಂದು."

"ಯಾವುದು ನಿಂದಂತ ಗೊತ್ತೈತೇನು?"

ಗೊತ್ತಿರಲಿಲ್ಲ. ಬಸ್ ನಿಲ್ದಾಣಕ್ಕೆ ನಡೆದುಕೊಂಡೇ ಹೋದೆ. ಅವ್ವ ಬೆನ್ನಿಗೇ ಬಂದಳು. "ಇವನ ಹೊಟ್ಟ್ಯಾಗ ನನ್ನ ಮಗಳ ಕಿಡ್ನಿ ಐತ್ರಿ, ಮುಂದ ಕುಂಡ್ರಸ್ರಿ," ಎಂದು ತಿಕೋಟೆ ಬಸ್ಸಿನ ಕಂಡಕ್ಟರನಿಗೆ ಹೇಳಿದಳು. ಅವನು ಏನು ತಿಳಿದುಕೊಂಡನೋ, ಅಂದಿನಿಂದ ನನ್ನ ಹತ್ತಿರ ತಗ್ಗಿದ ದನಿಯಲ್ಲೇ ಮಾತನಾಡಿದ.

ರವಿವಾರ ಬಬಲೇಶ್ವರಕ್ಕೆ ಹೋಗುತ್ತಿದ್ದೆ. ಅಕ್ಕನ ಮುಖ, ಕಾಲು ಬಾತಿರುತ್ತಿದ್ದವು. ಮೂತ್ರ ಸರಿಯಾಗಿ ಹೋಗುತ್ತಿರಲಿಲ್ಲ, ಅದಕ್ಕೇ ಅವಳಿಗೆ ನೀರು ದಿನಕ್ಕೆ ಇಷ್ಟೇ ಎಂದು ಅಳತೆ. ನಾನು ಮಾತ್ರ ಸಾಕಷ್ಟು ಕುಡಿಯಬೇಕು. ಭಾವ ನನಗೆ ತುಂಬಿದ ತಂಬಿಗೆ ತಂದಿಟ್ಟು, ಹೆಂಡತಿಯ ಮುಖ ನೋಡಲಾಗದೆ ಅಂಗಳಕ್ಕೆ ಹೋಗುತ್ತಿದ್ದ.

"ನೀರಡಿಕಿ ಇಲ್ಲಕ್ಕ," ಎಂದೆ ಒಮ್ಮೆ.

"ಸುಳ್ಳ ಹೇಳಬ್ಯಾಡ. ಬಿಸಲಾಗ ಬಂದಿ. ಕುಡಿ."

ಕುಡಿದೆ. ಅವಳು ಕಣ್ಣು ಕೀಳದೆ ನೋಡಿದಳು.

"ತಂಪ ಅದಾವೇನು?"

"ಅದಾವ."

"ಹೊಸಾ ಮಣ್ಣಿನ ಹರವಿ ಅದು," ಎಂದಳು. ಖಾಲಿ ತಂಬಿಗೆ ಪಕ್ಕಕ್ಕಿಟ್ಟು, "ತಮ್ಮಾ, ಅಂಜಿಕಿ ಬಂದ್ರ ಹೇಳು. ನಾ ಸಿಟ್ಟಾಗಂಗಿಲ್ಲ," ಎಂದಳು.

ಅಂಜಿಕೆ ಬಂದೇ ಇತ್ತು. "ಇಲ್ಲ ಬಿಡು," ಎಂದೆ. ಅವಳು ನಂಬಲಿಲ್ಲ. ಅದರ ಮಾತು ಮತ್ತೆ ಇಬ್ಬರೂ ಎತ್ತಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ತಂತಿ ಬಂತು. ಹೋದೆವು. ಆಪರೇಷನ್ ಆಯಿತು. ಎಚ್ಚರವಾದಾಗ ನನ್ನ ಪಕ್ಕೆಗೆ ಬೆಂಕಿ ಹಚ್ಚಿದಂತಿತ್ತು. ಹೊರಗೆ ಯಾರೋ ಓಡಿ ಬರುವ ಸಪ್ಪಳ ಕೇಳಿಸಿತು. ಭಾವ. ಸಾರವಾಡದ ದನದ ಸಂತೆಯಲ್ಲಿಯೂ ದನಿ ಏರಿಸದ ಮನುಷ್ಯ, ಬಾಗಿಲಲ್ಲಿ ನಿಂತು ಒದರಿದ:

"ಉಚ್ಚಿ ಹೊಯ್ದಾಳೋ! ನಿಮ್ಮಕ್ಕ ಉಚ್ಚಿ ಹೊಯ್ದಾಳ!"

ಕನ್ನಡ ಬಾರದ ನರ್ಸ್ ಯಾರೋ ತೀರಿಕೊಂಡರೆಂದು ತಿಳಿದು ಅವನ ಭುಜ ಹಿಡಿದು ಕೂರಿಸಿದಳು. ಅವನು ಅವಳ ಮುಂದೆಯೇ ಮುಖ ಮುಚ್ಚಿಕೊಂಡು ಅತ್ತ. ನನಗೂ ಅಳು ಬಂತು, ಆದರೆ ಅತ್ತರೆ ಹೊಲಿಗೆ ಜಗ್ಗುತ್ತಿತ್ತು. ಸುಮ್ಮನೆ ಮಲಗಿದೆ.

ಅಕ್ಕ ಮುಂದೆ ಮಗಳ ಮದುವೆ ಮಾಡಿದಳು, ಮೊಮ್ಮಗನನ್ನೂ ಎತ್ತಿಕೊಂಡಳು.