ಡೇರೆ ಹೂವು ನೋಡಲು ಕೊಟ್ಟ ಫೋನು

ಸಿದ್ದಾಪುರದಿಂದ ಒಳಗಿರುವ ನಮ್ಮ ಕೇರಿಯ ಹೆಂಗಸರಿಗೆ ಡೇರೆ ಹೂವಿನ, ಅಂದರೆ ಡೇಲಿಯಾದ, ಹುಚ್ಚು ಸ್ವಲ್ಪ ಹೆಚ್ಚೇ. ಮಳೆಗಾಲದಲ್ಲಿ ಅಂಗಳ ತುಂಬ ಅರಳುತ್ತದೆ, ಆಮೇಲೆ ಗಿಡ ಒಣಗುತ್ತದೆ, ಬೇಸಿಗೆಯಲ್ಲಿ ಗಡ್ಡೆ ಬದಲಾಯಿಸಿಕೊಳ್ಳುತ್ತೇವೆ. ಗಡ್ಡೆ ನೋಡಿದರೆ ಎಲ್ಲ ಒಂದೇ ತರಹ, ಬಣ್ಣ ಗೊತ್ತಾಗುವುದಿಲ್ಲ. ಹಾಗಾಗಿ ಹೂ ಬಿಟ್ಟಾಗಲೇ ನಾನು ಫೋನಿನಲ್ಲಿ ಫೋಟೋ ಹಿಡಿದಿಟ್ಟಿರುತ್ತೇನೆ. ಬಂದವರು ಫೋಟೋ ನೋಡಿ, ಇದು ಬೇಕು, ಅದು ಬೇಕು ಎಂದು ಆರಿಸಿಕೊಳ್ಳುತ್ತಾರೆ.

ಆ ಫೋನು ಮನೆಯದ್ದು. ಮಗನ ಫೋನು ಅವನ ಜೊತೆ ಕೆಲಸಕ್ಕೆ ಹೋಗುತ್ತದೆ, ಸೊಸೆಯದ್ದು ಬಟ್ಟೆ ತೊಳೆಯುವ ಬಕೆಟ್ಟಿಗೆ ಬಿದ್ದು ಸತ್ತಿತ್ತು. ಉಳಿದದ್ದೊಂದು ಜಗಲಿಯ ಕಪಾಟಿನ ಮೇಲೆ ಇರುತ್ತಿತ್ತು. ನಾನೂ ಬಳಸುತ್ತಿದ್ದೆ, ಅವಳೂ ಬಳಸುತ್ತಿದ್ದಳು, ಪಕ್ಕದ ಮನೆಯವರೂ ಬಂದು ಬಳಸುತ್ತಿದ್ದರು.

ಬಾಣಂತನ ಮುಗಿಸಿ ತವರಿನಿಂದ ಬಂದ ಮೇಲೆ ಸೊಸೆಗೆ ಎದೆಯಲ್ಲಿ ಬಾವು ಬಂದು ಕೀವಾಯಿತು. ಮಗ ಶಿರಸಿಗೆ ಕರೆದುಕೊಂಡು ಹೋದ. ಡಾಕ್ಟರಮ್ಮ ಕೊಯ್ದು ಕೀವು ತೆಗೆದರು. ಎಳೆ ಮಗು ಕಟ್ಟಿಕೊಂಡು ದಿನಾ ಬಸ್ಸಿನಲ್ಲಿ ಓಡಾಡುವುದು ಬೇಡ, ಗಾಯದ ಫೋಟೋ ಕಳಿಸು, ನೋಡಿ ಹೇಳುತ್ತೇನೆ ಎಂದರಂತೆ. ಕುರು ತಾನೇ, ಕೀವು ಹೋಯಿತು, ಮುಗಿಯಿತು ಎಂದುಕೊಂಡೆ ನಾನು.

ಅದೇ ವಾರ ಅವಳು ಮೆಲ್ಲಗೆ ಕೇಳಿದಳು, "ಅತ್ತೆ, ಫೋನಿಗೆ ಲಾಕ್ ಹಾಕಲಕ್ಕ?"

ನನ್ನದು ಮೊದಲಿನಿಂದಲೂ ಬಾಯಿ ಜೋರು. "ಈ ಮನೇಲಿ ಕಳ್ರು ಯಾರಿದ್ದ ತಂಗಿ? ಮುಚ್ಚಿಡದು ಎಂತ ಇದ್ದು?" ಎಂದೆ. ಸೊಸೆಯನ್ನು ನಾನು ತಂಗಿ ಎಂದೇ ಕರೆಯುವುದು. ಕರೆಯುವುದು ಹಾಗೆ, ಗದರುವುದು ಹೀಗೆ. ಹಳೇ ಕಾಲದಲ್ಲಿ ಯಾರ ಹೆಸರಿಗೆ ಕಾಗದ ಬಂದರೂ ಜಗಲಿಯಲ್ಲಿ ಕೂತು ದೊಡ್ಡದಾಗಿ ಓದುತ್ತಿದ್ದ ಮನೆ ನಮ್ಮದು. ಬೀಗ ಎಂದರೆ ಅವಮಾನ ಎಂದೇ ನನಗೆ ಕಂಡಿತು. ಅವಳು ಮತ್ತೆ ಆ ಮಾತು ಎತ್ತಲಿಲ್ಲ.

ಒಂದು ಮಧ್ಯಾಹ್ನ ಗಡ್ಡೆ ಆರಿಸಲು ಕೇರಿಯ ಆರು ಹೆಂಗಸರು ಬಂದರು. ನಾನು ಹೂವಿನ ಫೋಟೋ ತೆಗೆದು ಫೋನು ಅವರ ಕೈಗೆ ಕೊಟ್ಟು, ಬುಟ್ಟಿ ಮುಂದಿಟ್ಟುಕೊಂಡು ಮಣ್ಣು ಕೊಡವುತ್ತ ಕೂತೆ. ಹೂವು ಮುಗಿದ ಮೇಲೂ ಸರಿಸುತ್ತ ಹೋದರೆ ಈಚೆಗೆ ತೆಗೆದ ಫೋಟೋ ಬರುತ್ತವೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಕೆಂಪು, ಹಳದಿ, ನೇರಳೆ ಎಂದು ಮಾತಾಡುತ್ತ ಫೋನು ಕೈಯಿಂದ ಕೈಗೆ ಹೋಯಿತು. ಕಣ್ಣು ಮಂಜಾದ ಪಕ್ಕದ ಮನೆಯ ಅಜ್ಜಿ ಅದನ್ನು ಮೂಗಿನ ಹತ್ತಿರ ಹಿಡಿದು, "ಇದು ಯಾವ ನಮೂನಿ ಹೂವೇ?" ಎಂದು ಪಕ್ಕದವಳಿಗೆ ತೋರಿಸಿದಳು.

ಪಕ್ಕದವಳು ಫೋನು ತನ್ನ ಕೈಗೆ ತೆಗೆದುಕೊಂಡಳು. ಅವಳ ಹೆಗಲ ಮೇಲಿಂದ ಉಳಿದವರೂ ಬಗ್ಗಿ ನೋಡಿದರು. ಬಂದವರಿಗೆ ಆಸರಿಗೆ, ಕುಡಿಯಲು ಏನಾದರೂ ಬೇಕಲ್ಲ ಎಂದು ಕಷಾಯದ ಲೋಟ ಹಿಡಿದು ಬಂದ ಸೊಸೆ ಬಾಗಿಲಲ್ಲೇ ನಿಂತಿದ್ದಳು. ಒಬ್ಬಳು, "ಪಾಪ, ಎಷ್ಟು ನೋವಾಗ್ತೋ ಏನ" ಎಂದು ಅವಳ ಮುಖ ನೋಡಿದಾಗಲೇ ನನಗೆ ವಿಷಯ ತಿಳಿದದ್ದು. ಫೋನು ಕಸಿದುಕೊಂಡು, ನೋಡದೆಯೇ ಬಂದ್ ಮಾಡಿಬಿಟ್ಟೆ. ಆದರೂ ಬಾಯಿ ಸುಮ್ಮನಿರಬೇಕಲ್ಲ. "ಎಲ್ಲ ಹೆಂಗಸರೇ ಅಲ್ದಾ, ನಾಚಿಕೆ ಎಂತಕ್ಕೆ?" ಎಂದೆ. ಅವಳು ಲೋಟಗಳನ್ನು ಕೆಳಗಿಟ್ಟು ಒಳಗೆ ಹೋದಳು.

ಅವಳು ಅಳಲಿಲ್ಲ, ಮುನಿಸಿಕೊಳ್ಳಲಿಲ್ಲ, ಕೆಲಸ ಎಲ್ಲ ಮಾಡಿದಳು. ಸರಿಹೋಯಿತು ಎಂದುಕೊಂಡೆ. ನಾಲ್ಕನೇ ದಿನ ಬೆಳಿಗ್ಗೆ ಮಗುವನ್ನು ಅವಳ ಕೈಯಿಂದ ತೆಗೆದುಕೊಳ್ಳುವಾಗ ಅವಳ ತೋಳು ನನ್ನ ಕೈಗೆ ತಾಗಿತು. ಸುಡುತ್ತಿತ್ತು.

"ಡಾಕ್ಟರಿಗೆ ಫೋಟೋ ಕಳ್ಸಿದ್ಯಾ?"

"ಇಲ್ಲೆ."

"ಎಂತಕ್ಕೆ?"

"ಆ ಫೋಟೋ ಮತ್ತೆ ಯಾರ ಕೈಗೆ ಹೋಗ್ತೋ ಏನ ಹೇಳಿ."

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ನೋಡಿದರೆ ನನ್ನ ಮೇಲೆಯೇ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬಂತಾಗಿತ್ತು ನನ್ನ ಗತಿ. ಮಗ ರಜೆ ಹಾಕಿದ. ಅವತ್ತೇ ಶಿರಸಿಗೆ ಹೋದರು. ಗಾಯದೊಳಗೆ ಮತ್ತೆ ಕೀವು ಶುರುವಾಗಿತ್ತು. ಇನ್ನೆರಡು ದಿನ ತಡ ಮಾಡಿದ್ದರೆ ಮತ್ತೆ ಕೊಯ್ಯಬೇಕಿತ್ತು ಎಂದು ಡಾಕ್ಟರಮ್ಮ ಬೈದರಂತೆ. ಮಾತ್ರೆ ಬದಲಾಯಿಸಿ, ಇನ್ನು ಒಂದು ದಿನವೂ ತಪ್ಪದೆ ಫೋಟೋ ಬರಬೇಕು ಎಂದು ಕಳಿಸಿದರು.

ಬಂದವಳ ಮುಂದೆ ನಾನೇ ಫೋನು ಇಟ್ಟೆ. "ಲಾಕ್ ಹಾಕು" ಎಂದೆ.

ಅವಳು ಹಾಕಿದಳು. "ನಂಬರು ಹೇಳ್ತೆ ಅತ್ತೆ, ನೆನಪಿಟ್ಕಳಿ."

"ಹೇಳಡ, ನಂಗೆ ಬ್ಯಾಡ."

"ನಿಂಗಕ್ಕೆ ಫೋನು ಬೇಕಾದ್ರೆ?"

"ಬೇಕಾದ್ರೆ ನಿನ್ನ ಕೇಳ್ತೆ."

ಹೇಳುವಾಗ ಸುಲಭ, ಆಮೇಲೆ ಕಷ್ಟವಾಯಿತು. ಬಂದ ಕರೆ ಎತ್ತಲು ಲಾಕ್ ತೆಗೆಯಬೇಕಿಲ್ಲ, ಅದೊಂದು ಸಮಾಧಾನ. ಉಳಿದದ್ದಕ್ಕೆಲ್ಲ ಅವಳನ್ನು ಕರೆಯಬೇಕು. ಕೇರಿಯವರು ಫೋನು ಕೇಳಿದರೆ ಅವಳೇ ತೆಗೆದು ಕೊಟ್ಟು, ಅವರ ಕೆಲಸ ಮುಗಿಯುವವರೆಗೆ ಪಕ್ಕದಲ್ಲೇ ನಿಲ್ಲುತ್ತಿದ್ದಳು. ಒಬ್ಬಿಬ್ಬರು ನನಗೆ, "ಸೊಸೆಯ ಕೈಗೆ ಕೀಲಿಕೈ ಕೊಟ್ಯಾ?" ಎಂದು ಚುಚ್ಚಿದರು. "ಕೊಟ್ಟಿದ್ದೆ, ನಿನಗೆಂತ ತೊಂದರೆ?" ಎಂದೆ. ಜೋರು ಬಾಯಿ ಅಷ್ಟಕ್ಕಾದರೂ ಒದಗಿತು.

ಹತ್ತು ಹನ್ನೆರಡು ದಿನ ಕಳೆದಿರಬೇಕು. ಅವಳು ಬಚ್ಚಲಲ್ಲಿ ಮಗುವನ್ನು ಮೀಯಿಸುತ್ತಿದ್ದಳು. ಕಪಾಟಿನ ಮೇಲೆ ಫೋನು ಟಿಣ್ ಎಂದಿತು. ಡಾಕ್ಟರಮ್ಮನ ಉತ್ತರ ಬರುವ ಹೊತ್ತು ಅದು. ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಒಳ್ಳೆಯದೋ, ಮತ್ತೆ ಕೊಯ್ಯಬೇಕೆಂದಿದ್ದಾರೋ, ಓದಲು ಬರುವಂತಿಲ್ಲ. ನನ್ನ ಜನ್ಮದಲ್ಲಿ ಅಷ್ಟು ಹೊತ್ತು ಬಾಯಿ ಮುಚ್ಚಿ ಕೂತದ್ದಿಲ್ಲ. ಹೆದರಿಕೆಯಾಗಿತ್ತು.

ಮಗುವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದಳು. ಒದ್ದೆ ಕೈ ಸೀರೆಗೆ ಒರೆಸಿಕೊಂಡು ಫೋನು ತೆಗೆದು ಓದಿದಳು. "ಗಾಯ ಮಾಯ್ತಾ ಬೈಂದಡ ಅತ್ತೆ. ಇನ್ನು ಫೋಟೋ ಬ್ಯಾಡ ಅಂದ್ರು" ಎಂದಳು.

ಮಗುವನ್ನು ನನ್ನ ತೊಡೆಯ ಮೇಲೆ ಮಲಗಿಸಿದಳು. ಆಮೇಲೆ, "ನೋಡ್ತ್ರ?" ಎಂದು ಫೋನು ನನ್ನ ಕಡೆ ಹಿಡಿದಳು.

ಇವತ್ತಿನದ್ದು ತೋರಿಸಿದಳು. ತೆಳ್ಳನೆಯ ಗುಲಾಬಿ ಗೀರು, ಅಷ್ಟೇ. ಮೊದಲಿನದ್ದನ್ನೂ ತೋರಿಸು ಎಂದೆ. ಅಂದು ಕೈಯಿಂದ ಕೈಗೆ ಹೋದದ್ದು ಅದೇ. ಕಿರುಬೆರಳು ಇಳಿಯುವಷ್ಟು ಆಳದ ಗಾಯ, ಸುತ್ತ ಕಪ್ಪಾದ ಚರ್ಮ. ಇದನ್ನಿಟ್ಟುಕೊಂಡು ಇನ್ನೊಂದು ಎದೆಯಲ್ಲಿ ಮಗುವಿಗೆ ಹಾಲು ಕೊಟ್ಟಿದ್ದಳು, ನಮಗೆ ದೋಸೆ ಎರೆದಿದ್ದಳು, ಕಷಾಯ ಕಾಸಿದ್ದಳು. ಕೇರಿಯ ಆರು ಮಂದಿ ನೋಡಿದ್ದನ್ನು ಒಂದೇ ಮನೆಯಲ್ಲಿರುವ ನಾನು ನೋಡಿದ್ದು ಅವತ್ತೇ ಮೊದಲು.

"ಇಷ್ಟು ನೋವಿತ್ತಾ ತಂಗಿ? ಒಂದು ಮಾತು ಹೇಳಿದ್ದಿಲ್ಯಲೇ" ಎಂದೆ.

"ಯಾರೂ ಕೇಳಿದ್ವಿಲ್ಲೆ ಅತ್ತೆ" ಎಂದಳು.