ಚೀಟಿ ಮಾವನ ಬೀರು

ಪ್ರಯಾಣಿಕರು ರೈಲಿನಲ್ಲಿ ಮರೆತುಹೋದ ಸಾಮಾನುಗಳನ್ನು ಕಾಯುವ ಕೋಣೆಯಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತರಾದ ಚೀಟಿ ಮಾವ, ಬರುವಾಗ ಆ ಕೋಣೆಯನ್ನೇ ತಲೆಯೊಳಗೆ ಹೊತ್ತು ತಂದು ಮನೆಯ ಮಲಗುವ ಕೋಣೆಯಲ್ಲಿ ಇಳಿಸಿಬಿಟ್ಟರು. ಮಂಚದ ಮೇಲೆ, ಕುರ್ಚಿಯ ಬೆನ್ನಿಗೆ, ಬಾಗಿಲ ಮೊಳೆಗೆ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಬಿದ್ದಿದ್ದೆಲ್ಲ ಅವರ ಲೆಕ್ಕದಲ್ಲಿ ವಾರಸುದಾರರಿಲ್ಲದ ಸಾಮಾನೇ. ಮಡಿಸಿ, ಸಿಕ್ಕ ಜಾಗ, ಹೊತ್ತು ಬರೆದ ಚೀಟಿ ಕಟ್ಟಿ, ಬೀರುವಿನೊಳಗಿಟ್ಟು ಬೀಗ ಜಡಿದರೆ ಮುಗಿಯಿತು. ಬಿಡಿಸಿಕೊಳ್ಳಬೇಕಾದರೆ ಗುರುತು ಹೇಳಬೇಕು. "ರೀ, ಸ್ನಾನಕ್ಕೆ ಹೊತ್ತಾಯ್ತು, ನನ್ನ ಟವೆಲ್ ಕೊಡ್ರೀ" ಎಂದು ಅತ್ತೆ ಗೋಗರೆದರೆ, "ನಿಂದೇ ಅಂತ ಏನು ಗ್ಯಾರಂಟಿ? ಅಂಚಿನ ಬಣ್ಣ ಹೇಳು" ಎನ್ನುತ್ತಾರೆ. ಒಮ್ಮೆ ತಮ್ಮ ಕನ್ನಡಕವನ್ನೇ ಒಳಗಿಟ್ಟು, ಫ್ರೇಮಿನ ಬಣ್ಣ ನೆನಪಾಗದೆ, ಮೂರು ದಿನ ಗೋಡೆ ತಡವುತ್ತಾ ಓಡಾಡಿದರೇ ಹೊರತು ಬೀಗ ತೆಗೆಯಲಿಲ್ಲ; "ರೂಲ್ಸ್ ಅಂದ್ರೆ ರೂಲ್ಸ್ ಕಣೇ!" ಎಂದುಬಿಟ್ಟರು. "ಒಂದಿನ ನನ್ನನ್ನೂ ಮಡಿಸಿ ಒಳಗಿಡ್ತೀರಿ, ನೋಡ್ತಿರಿ" ಎಂದು ಅತ್ತೆ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದರು. ಮೊನ್ನೆ ಜ್ವರ ಬಂದು ಆಕೆ ಬೆಳಗಿನಿಂದ ಮಂಚ ಬಿಟ್ಟೇಳಲಿಲ್ಲ. ಸಂಜೆ ಎಚ್ಚರವಾದಾಗ ಹೊದಿಕೆಯ ಅಂಚುಗಳು ಗೆರೆ ಕೊರೆದಂತೆ ನೇರವಾಗಿದ್ದವು, ಮಣಿಕಟ್ಟಿನಲ್ಲಿ ಚೀಟಿ ತೂಗುತ್ತಿತ್ತು. ರೇಗಿ ಬಯ್ಯಲು ಬಾಯಿ ತೆರೆದವರು, ಅದನ್ನು ಓದಿ, ಚೀಟಿ ಬಿಚ್ಚದೆ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡರು: "ಸಿಕ್ಕಿದ್ದು ನಲವತ್ತು ವರ್ಷದ ಹಿಂದೆ. ಯಾರು ಬಂದು ಏನೇ ಗುರುತು ಹೇಳಿದರೂ ಕೊಡತಕ್ಕದ್ದಲ್ಲ."