ಹತ್ತು ಗುಲಗಂಜಿ ಹೆಚ್ಚಾದ ಫ್ಲೋಟು

೧೨-೨-೧೯೯೦, ಸೋಮವಾರ. ಬೆಳಿಗ್ಗೆ ಏಳೂ ಕಾಲು. ಬ್ಯಾಡಗಿ ಮಾರ್ಕೆಟ್ಟಿನ ಗೇಟು.

ಗೇಟಿನ ಫಕೀರಪ್ಪ ನಮ್ಮ ಜೀಪಿನ ಕೆಳಗೆ ಬಗ್ಗಿದ. ನೆಲದ ಮೇಲೆ ಬಿದ್ದಿದ್ದ ಹಸಿ ಕಲೆಗೆ ಬೆರಳು ಒತ್ತಿದ, ಮೂಗಿನ ಹತ್ತಿರ ಹಿಡಿದ, ಎದ್ದು ನಿಂತ. ಗೇಟು ಮಾತ್ರ ಎತ್ತಲಿಲ್ಲ.

"ಇದು ನೀರಲ್ಲೋ ಯಪ್ಪಾ" ಅಂದ.

ನೀರಲ್ಲ ಅನ್ನುವುದು ನಮ್ಮಣ್ಣ ಚಂದ್ರಣ್ಣನಿಗೆ ಗೊತ್ತಿತ್ತು. ಎರಡು ವಾರದಿಂದ ಗೊತ್ತಿತ್ತು. ಕಾರ್ಬೊರೇಟರಿನಿಂದ ಪೆಟ್ರೋಲ್ ಸೋರುತ್ತಿತ್ತು. ಅದಕ್ಕೆ ಅವನು ಮಾಡಿದ್ದ ಚಿಕಿತ್ಸೆ ಏನು? ಬಟ್ಟೆ ತೊಳೆಯುವ ಸಾಬೂನನ್ನು ಮೆತ್ತಗೆ ಮಾಡಿ ಜೋಡಣೆಗೆ ಮೆತ್ತಿದ್ದ. (ನಮ್ಮ ಕಡೆ ಪೆಟ್ರೋಲ್ ಎಲ್ಲಿ ಸೋರಿದರೂ ಮೊದಲ ಔಷಧ ಇದೇ. ಟ್ಯಾಂಕಿಗಾದರೆ ಕೆಲಸ ಮಾಡುತ್ತದೆ.)

ಜೀಪಿನ ಬಗ್ಗೆ ಎರಡು ಮಾತು. ಇದು ಮಿಲಿಟರಿಯವರು ಹರಾಜು ಹಾಕಿದ ಹಳೇ ಗಾಡಿ. ನಾಲ್ಕೂ ಗಾಲಿಗೆ ಎಳೆತವಿದೆ. ನಮ್ಮ ಹಲಗೇರಿಯ ಎರೆ ಹೊಲಗಳಲ್ಲಿ ಟ್ರ್ಯಾಕ್ಟರ್ ಹೂತು ನಿಂತ ಕಡೆಯೂ ಇದು ಗೊಣಗುತ್ತಾ ಹೋಗುತ್ತದೆ. ಸೀಸನ್ನಿನಲ್ಲಿ ಅಣ್ಣ ಹೊಲದಿಂದ ಮೆಣಸಿನಕಾಯಿ ಚೀಲ ಎತ್ತಿಕೊಂಡು ಸೋಮವಾರ, ಗುರುವಾರದ ಮಾರ್ಕೆಟ್ಟಿಗೆಂದು ಬ್ಯಾಡಗಿಗೆ ತರುತ್ತಾನೆ. ಅವನ ದುಡಿಮೆ ಅಂದರೆ ಅದೇ. ನಾನು ಹಾವೇರಿಯ ಕಾಲೇಜೊಂದರಲ್ಲಿ ಲ್ಯಾಬ್ ಅಸಿಸ್ಟೆಂಟ್. ಭಾನುವಾರ ಊರಿಗೆ ಹೋದವನು ಸೋಮವಾರ ಈ ಜೀಪಿನಲ್ಲೇ ಬ್ಯಾಡಗಿಗೆ ಬಂದು ಬಸ್ಸು ಹಿಡಿಯುತ್ತೇನೆ. ಅವತ್ತು ಹಿಡಿಯಲಿಲ್ಲ.

ಫಕೀರಪ್ಪ ಸಿಟ್ಟಾಗಲಿಲ್ಲ. ಪಾಠ ಹೇಳುವವನ ಹಾಗೆ ಬೆರಳು ಮಡಚಿದ.

"ಒಳಗ ಒಣಾ ಮೆಣಸಿನಕಾಯಿ ಐತಿ. ಹಮಾಲರ ಬಾಯಾಗ ಬೀಡಿ ಐತಿ. ನಿನ್ನ ಗಾಡಿ ತೊಟ್ಟಿಕ್ಕಾಕತ್ತೈತಿ. ಈ ಮೂರೂ ಒಂದ ಕಡಿ ಬ್ಯಾಡ. ಗುರುವಾರನೂ ಹಿಂಗ ಬಂದ್ರ, ಗೇಟಿನ ತನಕಾನೂ ಬರಬ್ಯಾಡ."

ಚೀಲಗಳನ್ನು ಗೇಟಿನಲ್ಲೇ ಇಳಿಸಿ ಕೈಗಾಡಿಯಲ್ಲಿ ಒಳಗೆ ತಳ್ಳಿಸಿದ್ದಾಯಿತು. ನಮ್ಮ ಜೊತೆ ಬಂದಿದ್ದ ರೈತರಿಬ್ಬರು ಜಗಳವಾಡಲಿಲ್ಲ. ಗುರುವಾರ ಬೇಕಾದರೆ ಟ್ರ್ಯಾಕ್ಟರಿಗೆ ಹೇಳಿಕೊಳ್ಳುತ್ತೇವೆ ಬಿಡು, ನೀನು ಸಾವಕಾಶ ರಿಪೇರಿ ಮಾಡಿಸಿಕೋ ಎಂದು ಸಮಾಧಾನವಾಗಿಯೇ ಹೇಳಿದರು. ಅಣ್ಣನ ಮುಖ ಸಣ್ಣದಾದದ್ದು ಆ ಸಮಾಧಾನಕ್ಕೆ. ಒಮ್ಮೆ ಟ್ರ್ಯಾಕ್ಟರಿಗೆ ಹೋದ ಚೀಲ ಸೀಸನ್ ಮುಗಿಯುವವರೆಗೂ ಜೀಪಿಗೆ ವಾಪಸ್ ಬರುವುದಿಲ್ಲ.

ನಾನು ಕಾಲೇಜಿಗೆ ಗುರುವಾರದವರೆಗೆ ನಾಲ್ಕು ದಿನ ರಜೆ ಹೇಳಿ ಕಳಿಸಿದೆ.

ರಾಣೆಬೆನ್ನೂರಿನ ಮೆಕ್ಯಾನಿಕ್ ಬಾನೆಟ್ ಎತ್ತಿ, ಸಾಬೂನು ನೋಡಿ, ಮನೆಯಲ್ಲಿ ಸ್ನಾನಕ್ಕಾದರೂ ಉಳಿದಿದೆಯೋ ಎಂದು ಕೇಳಿದ. ಗ್ಯಾಸ್ಕೆಟ್ ಬದಲಿಸಿದ, ಸ್ಕ್ರೂಗಳನ್ನು ಬಿಗಿದ. ಊರಿಗೆ ಬರುವಷ್ಟರಲ್ಲಿ ಮತ್ತೆ ಸೋರಿತು. ಹನಿಗಳು ಬೀಳುತ್ತಿದ್ದುದು ಇಂಜಿನ್ನಿನ ಹೊಗೆ ಸಾಗಿಸುವ ಬಿಸಿ ಮ್ಯಾನಿಫೋಲ್ಡಿನ ಪಕ್ಕದಲ್ಲೇ. ಫಕೀರಪ್ಪನ ಪಾಠ ಆಗ ನನಗೆ ಇನ್ನಷ್ಟು ಅರ್ಥವಾಯಿತು.

ಮಂಗಳವಾರ ಅಂಗಳದಲ್ಲಿ ಚಾಪೆ ಹಾಸಿ ಕಾರ್ಬೊರೇಟರನ್ನು ನಾವೇ ಬಿಚ್ಚಿದೆವು. ಸೂಜಿ ತೊಳೆದೆವು, ಊದಿ ನೋಡಿದೆವು, ಸರಿಯಿತ್ತು. ಆಮೇಲೆ ಅಣ್ಣ ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿದ. ಗುಳುಗುಳು ಅಂತು.

ಫ್ಲೋಟು ಅಂದರೆ ಪೊಳ್ಳಾದ ಪುಟ್ಟ ಹಿತ್ತಾಳೆ ಡಬ್ಬಿ. ಕಾರ್ಬೊರೇಟರಿನ ಬಟ್ಟಲಿನಲ್ಲಿ ಪೆಟ್ರೋಲ್ ತುಂಬಿದ ಹಾಗೆ ಅದು ತೇಲಿ ಮೇಲೇಳುತ್ತದೆ. ಎದ್ದು ಸೂಜಿಯನ್ನು ಒತ್ತುತ್ತದೆ. ಸೂಜಿ ಪೆಟ್ರೋಲ್ ಬರುವ ದಾರಿ ಮುಚ್ಚುತ್ತದೆ. ಸಾಕು ಅನ್ನುವುದಷ್ಟೇ ಅದರ ಕೆಲಸ. ಅದರ ಹೊಟ್ಟೆಗೇ ಪೆಟ್ರೋಲ್ ಹೊಕ್ಕರೆ ಮೇಲೇಳುವುದು ಹೇಗೆ? ಸಾಕು ಅನ್ನುವವರಿಲ್ಲದೆ ಬಟ್ಟಲು ತುಂಬಿ ಹೊರಗೆ ಚೆಲ್ಲುತ್ತದೆ.

ತೂತು ಎಲ್ಲಿದೆ ಎಂದು ನೋಡಲು ಬಿಸಿನೀರು ಬೇಕಿತ್ತು. ಅವ್ವ ನೀರು ಕಾಯಿಸಿ ಕೊಟ್ಟಳು, ಆದರೆ ಆ ವಾಸನೆಯ ಡಬ್ಬಿ ಒಲೆಯ ಮನೆಯ ಹೊಸ್ತಿಲು ದಾಟಬಾರದು ಎಂದು ತಾಕೀತು ಮಾಡಿದಳು. ಅಂಗಳದಲ್ಲೇ ಮುಳುಗಿಸಿದೆವು. ಅಂಚಿನ ಒಂದು ಕಡೆಯಿಂದ ಸಾಸಿವೆಯಷ್ಟು ಗುಳ್ಳೆಗಳು ಸಾಲಾಗಿ ಎದ್ದವು. ಒಳಗಿದ್ದ ಪೆಟ್ರೋಲೂ ಆವಿಯಾಗಿ ಅಲ್ಲೇ ಹೊರಬಿತ್ತು. ವಾಸನೆ ಪೂರ್ತಿ ಹೋಗುವವರೆಗೆ ಮತ್ತೆ ಮತ್ತೆ ಮುಳುಗಿಸಿ, ಬಿಸಿಲಿಗೆ ಇಟ್ಟೆವು.

ಹೊಸ ಫ್ಲೋಟು ಹುಬ್ಬಳ್ಳಿಯಲ್ಲೂ ಸಿಗುವುದಿಲ್ಲ, ಅಷ್ಟು ಹಳೇ ಗಾಡಿ. ಇಂಥ ಸೂಕ್ಷ್ಮ ಬೆಸುಗೆ ಯಾರು ಹಾಕುತ್ತಾರೆ? ಬುಧವಾರ ರಾಣೆಬೆನ್ನೂರಿನ ಅಕ್ಕಸಾಲಿಗ ಮಾನಪ್ಪ ಪತ್ತಾರರ ಅಂಗಡಿಗೆ ಹೋದೆವು. ನಮ್ಮ ಮನೆಯ ಬೆಂಡೋಲೆ, ಕಾಲುಂಗುರ ಎಲ್ಲ ಅವರ ಕೈಯವೇ.

ಪತ್ತಾರರದೊಂದು ರೂಢಿಯಿದೆ. ಏನೇ ಕೈಗೆ ಬಂದರೂ ಮೊದಲು ತಕ್ಕಡಿಗೆ ಹಾಕಿ ಗುಲಗಂಜಿ ಕಾಳಿನ ಲೆಕ್ಕದಲ್ಲಿ ತೂಗುತ್ತಾರೆ, ಗಿರಾಕಿಯ ಕಣ್ಣೆದುರೇ. ಕೆಲಸ ಮುಗಿದ ಮೇಲೆ ಮತ್ತೊಮ್ಮೆ. ಯಾಕೆಂದು ನಿಮಗೆ ಹೇಳಬೇಕೆ? ಪತ್ತಾರರ ಅಂಗಡಿಯಿಂದ ಹೊರಬರುವ ಪ್ರತಿಯೊಬ್ಬನ ಮನಸ್ಸಿನಲ್ಲೂ ಇರುವ ಅನುಮಾನ ಒಂದೇ ತಾನೆ? ಹಿತ್ತಾಳೆ ಡಬ್ಬಿಗೂ ಅದೇ ಮರ್ಯಾದೆ ಸಿಕ್ಕಿತು. ತೂಗಿದರು. ಊದುಗೊಳವೆ ಹಿಡಿದು, ತವರ ಕರಗಿಸಿ, ಅಂಚಿನ ಸುತ್ತ ಬೆಸುಗೆ ಹಾಕಿದರು. ನುಣ್ಣಗೆ ಉಜ್ಜಿದರು. ಮತ್ತೆ ತೂಗಿದರು.

"ನೋಡ್ರಿ, ಕಣ್ಣು ತುಂಬ ನೋಡ್ರಿ. ಕಮ್ಮಿ ಆಗಿಲ್ಲ. ಹತ್ತು ಗುಲಗಂಜಿ ಹೆಚ್ಚ ಆಗೇತಿ."

ನಾವೂ ಕಣ್ಣು ತುಂಬ ನೋಡಿದೆವು. ಖುಷಿಪಟ್ಟೆವು. ಪತ್ತಾರರ ಕೈಯಿಂದ ಹೆಚ್ಚಿಗೆ ಪಡೆದು ಬಂದವರು ಊರಲ್ಲಿ ನಾವೇ ಮೊದಲಿಗರು ಎಂದು ದಾರಿಯುದ್ದಕ್ಕೂ ನಗುತ್ತಾ ಬಂದೆವು.

ಸಂಜೆ ಐದಕ್ಕೆ ಜೋಡಿಸಿ ಸ್ಟಾರ್ಟ್ ಮಾಡಿದೆವು. ಕೆಳಗೆ ಹಳೇ ಪೇಪರು ಹಾಸಿ ಇಬ್ಬರೂ ಕುಕ್ಕರುಗಾಲಲ್ಲಿ ಕೂತೆವು. ಮೊದಲಿನಷ್ಟು ಧಾರಾಳವಾಗಿ ಅಲ್ಲ. ಆದರೂ ತಟಕ್ ಎಂದು ಒಂದು ಹನಿ. ಸ್ವಲ್ಪ ಹೊತ್ತಿಗೆ ಇನ್ನೊಂದು.

ಅಣ್ಣ ಇಂಜಿನ್ ಆರಿಸಿ ಕೈ ತೊಳೆದ. ಊಟಕ್ಕೆ ಕೂತೆವು. ಮರುದಿನದ ಚೀಲಗಳಿಗೆ ರೈತರು ಟ್ರ್ಯಾಕ್ಟರ್ ಗೊತ್ತು ಮಾಡಿಕೊಂಡರೋ ಏನೋ ಎಂದು ಕೇಳಿ ಬರುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಅವ್ವ ಅವನ ತಾಟಿಗೆ ರೊಟ್ಟಿ ಹಾಕಲು ಬಂದಳು. ಸಾಕು ಅಂದ. ಹಾಕಿದಳು. ಖರೇನ ಸಾಕವ್ವಾ ಅಂದ. ಅರ್ಧ ಮುರಿದು ಹಾಕಿದಳು, ಮೇಲೊಂದಿಷ್ಟು ಬೆಣ್ಣೆ.

ಅಣ್ಣ ಆ ಅರ್ಧ ರೊಟ್ಟಿಯನ್ನೇ ನೋಡುತ್ತಾ ಕೂತ. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದ.

"ತಮ್ಮಾ, ಹೆಚ್ಚ ಆಗೇತಿ ಅಂದ್ರಲ್ಲ ಪತ್ತಾರರು… ತೇಲೂ ಸಾಮಾನು, ಅದು ಹೆಚ್ಚ ಆಗಬಾರದಿತ್ತಲ್ಲೋ."

ಲ್ಯಾಬಿನಲ್ಲಿ ತೇಲುವ ಮುಳುಗುವ ಪ್ರಯೋಗವನ್ನು ವರ್ಷವರ್ಷವೂ ಜೋಡಿಸಿಡುವವನು ನಾನು. ಹೊಳೆದದ್ದು ಅಣ್ಣನಿಗೆ. ತೂತು ಮುಚ್ಚಿತ್ತು. ಆದರೆ ಫ್ಲೋಟು ಭಾರವಾಗಿ ತುಸು ಕೆಳಗೇ ತೇಲುತ್ತಿತ್ತು. ಸಾಕು ಅನ್ನುತ್ತಿತ್ತು, ತಡವಾಗಿ ಅನ್ನುತ್ತಿತ್ತು.

ತಪ್ಪು ಪತ್ತಾರರದೇ? ನಮ್ಮದೂ ಅಲ್ಲವೇ? ನಮ್ಮ ಕಡೆ ಕಮ್ಮಿಯಾದರೆ ಜಗಳ, ಹೆಚ್ಚಾದರೆ ಯಾರೂ ಕೇಳುವುದಿಲ್ಲ. ಚಹಾಕ್ಕೆ ಸಕ್ಕರೆ ಹೆಚ್ಚು, ಮಿರ್ಚಿ ಭಜಿಗೆ ಹಿಟ್ಟು ಹೆಚ್ಚು, ಮದುವೆ ಪತ್ರಿಕೆಯಲ್ಲಿ ಹೆಸರು ಹೆಚ್ಚು. ಹೆಚ್ಚು ಕೊಟ್ಟವನು ಒಳ್ಳೆಯವನು ಎಂದು ತೀರ್ಮಾನ ಮಾಡಿಬಿಟ್ಟಿದ್ದೇವೆ. ತಕ್ಕಡಿಯ ಮುಂದೆ ನಿಂತು ತಲೆಯಾಡಿಸಿದವರು ನಾವು.

ಗುರುವಾರ ಬೆಳಗಾಗುತ್ತಲೇ ಫ್ಲೋಟು ಬಿಚ್ಚಿಕೊಂಡು ಬಸ್ಸಿನಲ್ಲಿ ಪತ್ತಾರರ ಮನೆಗೇ ಹೋದೆವು. ಬೆಸುಗೆ ಕೆರೆದು ಹಗುರ ಮಾಡಿಕೊಡಿ ಎಂದು ಕೇಳಿದ್ದಕ್ಕೆ ಅವರು ಕನ್ನಡಕ ತೆಗೆದು ನಮ್ಮನ್ನು ನೋಡಿದರು.

"ನಮ್ಮಪ್ಪನ ಕಾಲದಿಂದ ಈ ತಕ್ಕಡಿ ಐತಿ. ಕಮ್ಮಿ ಮಾಡಿ ಕೊಡ್ರಿ ಅಂತ ಬಂದವರು ನೀವ ಮೊದಲು."

ಬೇಸರ ಖಂಡಿತ ಆಗಿತ್ತು. ಆದರೂ ಅರ ಹಿಡಿದು ಕೂತರು. ಉಜ್ಜುವುದು, ತೂಗುವುದು, ಮತ್ತೆ ಉಜ್ಜುವುದು. ಎರಡು ಗುಲಗಂಜಿ ಉಳಿದಾಗ ಕೈ ನಿಲ್ಲಿಸಿದರು. ಇನ್ನು ಮುಟ್ಟಿದರೆ ಬೆಸುಗೆ ಬಿಡುತ್ತದೆ ಅಂದರು. ಉದುರಿದ ತವರದ ಪುಡಿಯನ್ನು ಕಾಗದದಲ್ಲಿ ಕಟ್ಟಿ ಅಣ್ಣನ ಕೈಗೆ ಕೊಟ್ಟರು. ಗಿರಾಕಿಯ ಪುಡಿ ಗಿರಾಕಿಗೇ. (ಅದನ್ನು ಎಸೆಯಲು ಮನಸ್ಸಾಗಲಿಲ್ಲ. ದೇವರ ಮಾಡದಲ್ಲಿದೆ.)

ಹಲಗೇರಿಗೆ ಬಂದು ಫ್ಲೋಟು ಜೋಡಿಸಿ ಜೀಪು ತೆಗೆದುಕೊಂಡು ಹೋದಾಗ ರೈತರ ಹೊಲದಲ್ಲಿ ಟ್ರ್ಯಾಕ್ಟರ್ ಇರಲಿಲ್ಲ. ಇಬ್ಬರೂ ಚೀಲಗಳ ಮೇಲೆ ಕೂತು ಅಣ್ಣನ ದಾರಿ ಕಾಯುತ್ತಿದ್ದರು. ಲಗೂ ಬರಬೇಕಿಲ್ಲೇನೋ ಎಂದು ಬೈದರು. ಅಣ್ಣ ಅಷ್ಟು ಸಂತೋಷದಿಂದ ಬೈಸಿಕೊಂಡದ್ದನ್ನು ನಾನು ನೋಡಿಲ್ಲ.

ಗೇಟಿನಲ್ಲಿ ಫಕೀರಪ್ಪ ಇಂಜಿನ್ ಆರಿಸಲು ಬಿಡಲಿಲ್ಲ. ಜೀಪಿನ ಕೆಳಗೆ ಒಣ ಮಣ್ಣು ಹರಡಿ, ಒಂದು ಚಹಾ ತರಿಸಿದ. ಕಪ್ಪಿನಿಂದ ಬಸಿಗೆ ಸುರಿದುಕೊಂಡು, ಊದಿ ಊದಿ ಕುಡಿದ. ಹಿಂದೆ ಗಾಡಿಗಳು ಸಾಲುಗಟ್ಟಿದವು, ಹಾರ್ನ್ ಹೊಡೆದವು. ಅವನು ಕಪ್ಪು ಕೆಳಗಿಟ್ಟು ಬಗ್ಗಿ ನೋಡಿದ. ಮಣ್ಣು ಒಣಗಿಯೇ ಇತ್ತು.

ಗೇಟು ಎತ್ತಿದ. ಮೆಚ್ಚುಗೆಯ ಮಾತೇನೂ ಆಡಲಿಲ್ಲ. "ಪ್ರತಿ ಸಲಾನೂ ಬಗ್ಗಿ ನೋಡಾಂವನ ನಾ" ಅಂದನಷ್ಟೆ.

ಅಲ್ಲಿಗೆ ಮುಗಿಯಿತೆ? ಪೂರ್ತಿ ಇಲ್ಲ. ಸಮತಟ್ಟಾದ ಕಡೆ ಜೀಪು ಸೋರುವುದಿಲ್ಲ. ಹೊಲದ ಬದುವಿನ ಮೇಲೆ ಓರೆಯಾಗಿ ನಿಂತರೆ ಈಗಲೂ ಒಂದೊಂದು ಹನಿ ಬೀಳುತ್ತದೆ. ಉಳಿದ ಎರಡು ಗುಲಗಂಜಿಯ ಕೆಲಸ ಅದು. ಸೂಜಿಯನ್ನು ಒತ್ತುವ ಫ್ಲೋಟಿನ ನಾಲಿಗೆಯನ್ನು ಕೂದಲಷ್ಟು ಬಗ್ಗಿಸಿದರೆ ಸೂಜಿ ಬೇಗ ಮುಚ್ಚೀತು ಎಂದು ನನ್ನ ಲೆಕ್ಕ. ಹಳೇ ಹಿತ್ತಾಳೆ, ಮುರಿದರೆ ಗತಿಯಿಲ್ಲ ಎಂದು ಅಣ್ಣನ ಭಯ.

ಬಗ್ಗಿಸಬಹುದೇ, ಎಷ್ಟು, ಯಾವ ಕಡೆಗೆ? ಮಾಡಿ ನೋಡಿದವರು ದಯವಿಟ್ಟು ಈ ಪತ್ರಿಕೆಗೆ ಒಂದು ಕಾರ್ಡು ಬರೆಯಿರಿ. ಸೋಮವಾರದೊಳಗೆ ಬಂದರೆ ಒಳ್ಳೆಯದು, ಗೇಟಿನ ಮುಂದಿನ ರಸ್ತೆಯೂ ಅಂಚಿನ ಕಡೆ ಸ್ವಲ್ಪ ಓರೆಯಾಗಿಯೇ ಇದೆ.